ಸಾಕ್ಷಿ ಕೇಳುವವರಿಗೆ

ಸಾಕ್ಷಿ ಎಲ್ಲಿದೆ ಅಂತ ಕೇಳ್ತೀರಿ. ಟೀವಿಯಲ್ಲಿ ಇಬ್ಬರು ಗಂಡಸರು ವರ್ಷಗಟ್ಟಲೆ ಒಬ್ಬರಿಗೊಬ್ಬರು ಜೀವ ಒತ್ತೆ ಇಡ್ತಾರೆ. ಒಬ್ಬ ಸತ್ತರೆ ಇನ್ನೊಬ್ಬ ಅನ್ನ ನೀರು ಬಿಡ್ತಾನೆ. ಕ್ಯಾಮೆರಾ ಅವರ ಕಣ್ಣುಗಳ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೆ, ಹಿಂದೆ ಪಿಟೀಲು ಏಳುತ್ತೆ. ನೋಡಿದವರಲ್ಲಿ ಕೆಲವರು ಇದು ಪ್ರೀತಿ ಅಂತಾರೆ. ಅಷ್ಟಕ್ಕೇ ನೀವು ಎದ್ದು ನಿಲ್ತೀರಿ. ಮುತ್ತು ಕೊಟ್ರಾ? ಬಾಯಿಬಿಟ್ಟು ಹೇಳಿದ್ರಾ? ಬರೆದವನು ಒಪ್ಪಿಕೊಂಡ್ನಾ? ಇಲ್ಲ ತಾನೆ, ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊ.

ಅದೇ ತೆರೆಯ ಮೇಲೆ ಒಬ್ಬ ಹುಡುಗ ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗಿಗೆ ಕೊಡೆ ಹಿಡಿದರೆ ಸಾಕು. ಇಬ್ಬರ ಬಾಯಿಂದಲೂ ಒಂದು ಮಾತು ಹೊರಟಿರಲ್ಲ, ಹೆಸರೂ ಗೊತ್ತಿರಲ್ಲ. ಮನೆಮಂದಿಯೆಲ್ಲ ಕೂತು ಅವರ ಮದುವೆ ಮಾಡಿ ಮುಗಿಸಿರ್ತೀರಿ. ಅಲ್ಲಿ ಯಾರೂ ಸಾಕ್ಷಿ ಕೇಳಲ್ಲ.

ನಮ್ಮ ಪ್ರೀತಿಗೆ ಮಾತ್ರ ಪಂಚನಾಮೆ.

ನಾನು ಗಂಡಸನ್ನು ಪ್ರೀತಿಸುವ ಗಂಡಸು. ಹೊಟ್ಟೆಪಾಡಿಗೆ ಧಾರಾವಾಹಿಗಳಿಗೆ ಸಂಭಾಷಣೆ ಬರೀತೀನಿ. ಹಾಗಾಗಿ ಈ ಜಗಳದಲ್ಲಿ ನಾನು ನಡುವೆ ನಿಂತು ನ್ಯಾಯ ಹೇಳುವವನಲ್ಲ. ಯಾರೋ ಇಂಗ್ಲೆಂಡಿನ ಪತ್ತೇದಾರ, ಯಾರೋ ಅಮೆರಿಕದ ದೆವ್ವ ಬೇಟೆಗಾರ, ಅವರು ಯಾರನ್ನು ಪ್ರೀತಿಸಿದರೆ ನಿನಗೇನು ಅಂತ ಕೇಳಿದವರಿದ್ದಾರೆ. ನನಗೇನು ಅಂತ ಹೇಳ್ತೀನಿ, ಕೇಳಿ.

ನನ್ನ ವಿಷಯದಲ್ಲಿ ಯಾರೂ ಸಾಕ್ಷಿ ಕೇಳಿರಲಿಲ್ಲ. ಪಿಯುಸಿ ಓದುವಾಗ ಹಾಸ್ಟೆಲ್ಲಿನಲ್ಲಿದ್ದೆ. ನನ್ನ ರೂಮಿನವನಿಗೆ ಟೈಫಾಯ್ಡ್ ಬಂತು. ಮೆಸ್ಸಿನ ಭಟ್ಟರನ್ನು ಕಾಡಿ ಬೇಡಿ ಗಂಜಿ ಕಾಯಿಸಿ ತಂದೆ. ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಅವನು ಎದ್ದು ಓಡಾಡುವ ಹೊತ್ತಿಗೆ ಬಚ್ಚಲುಮನೆ ಬಾಗಿಲ ಮೇಲೆ ಇದ್ದಿಲಲ್ಲಿ ನಮ್ಮಿಬ್ಬರ ಹೆಸರು ಬಿದ್ದಿತ್ತು. ನನ್ನ ಹೆಸರಿನ ಮುಂದೆ ಕೋಜಾ ಅಂತ. ಒಂದು ರಾತ್ರಿ ನನ್ನ ಟ್ರಂಕನ್ನು ಕಾರಿಡಾರಿಗೆ ಎಳೆದು ಸುರಿದರು. ಚಡ್ಡಿ ಬನಿಯನ್ನುಗಳನ್ನು ಕೋಲಿನ ತುದಿಯಲ್ಲಿ ಎತ್ತಿ ತೋರಿಸಿದರು. ಸಿಕ್ಕಿದ್ದು ಅವನು ನನಗೆ ಬರೆದುಕೊಟ್ಟಿದ್ದ ಫಿಸಿಕ್ಸ್ ನೋಟ್ಸು. ಅವನ ಕೈಬರಹ. ಅವರಿಗೆ ಅಷ್ಟು ಸಾಕಾಯಿತು. ವಾರ್ಡನ್ ಕರೆಸಿದರು. ಬಾಗಿಲಿಂದ ಅವರ ಮೇಜಿನ ತನಕ ನಾನು ನಡೆದು ಬರೋದನ್ನು ಕಣ್ಣು ಕಿರಿದು ಮಾಡಿ ನೋಡಿದರು. “ನಡೆಯೋದು ನೋಡಿದ್ರೇ ಗೊತ್ತಾಗುತ್ತಲ್ಲೋ, ಕೇಳೋದೇನಿದೆ” ಅಂದರು. ಊರಿಂದ ಅಣ್ಣ ಬಂದ. ಟ್ರಂಕು ಹೊರಿಸಿ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ, ಕಡ್ಲೆಕಾಯಿ ಮಾರುವವರೆಲ್ಲ ನೋಡುತ್ತಿರುವಾಗ, ಅಣ್ಣ ಚಪ್ಪಲಿ ಕೈಗೆ ತಗೊಂಡ.

ನಾನು ಆ ಹುಡುಗನಿಗೆ ಏನೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಒಂದು ಲೋಟ ಗಂಜಿ, ಒಂದು ಒದ್ದೆ ಬಟ್ಟೆ, ಒಂದು ನಡಿಗೆ. ಇಷ್ಟರಲ್ಲಿ ಇಡೀ ಹಾಸ್ಟೆಲ್ಲು ನನ್ನನ್ನು ಓದಿ ಮುಗಿಸಿತ್ತು. ಈಗ ಅದೇ ಗಂಜಿ, ಅದೇ ಒದ್ದೆ ಬಟ್ಟೆ, ಅದೇ ನೋಟವನ್ನು ತೆರೆಯ ಮೇಲೆ ಕಂಡು ಇದು ಪ್ರೀತಿ ಅಂತ ನಾನಂದರೆ, ಇಲ್ಲದ್ದನ್ನು ಹುಡುಕ್ತೀಯ ಅಂತೀರಿ. ಹೊಡೆಯೋದಕ್ಕೆ ಸುಳಿವು ಸಾಕು. ಒಪ್ಪಿಕೊಳ್ಳೋದಕ್ಕೆ ಸಾಕ್ಷಿ ಬೇಕು.

ಇದು ಹಾಸ್ಟೆಲ್ಲಿನ ಪುಂಡರ ಗುಣ ಮಾತ್ರ ಅಂದುಕೊಳ್ಳಬೇಡಿ. ಕರಿಕೋಟು ಹಾಕಿಕೊಂಡವರೂ ಇದನ್ನೇ ಮಾಡಿದ್ದಾರೆ. 1889ರ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಗ್‌ಹ್ಯಾಮ್ ಹೋಟೆಲ್ಲಿನಲ್ಲಿ ಒಂದು ಊಟ ನಡೆಯಿತು. ಲಿಪಿಂಕಾಟ್ಸ್ ಎಂಬ ಅಮೆರಿಕದ ಮಾಸಪತ್ರಿಕೆಯ ಸಂಪಾದಕ ಕಥೆ ಕೇಳಲು ಲೇಖಕರನ್ನು ಕರೆದಿದ್ದ. ಒಬ್ಬ ಆರ್ಥರ್ ಕಾನನ್ ಡಾಯ್ಲ್, ಇನ್ನೊಬ್ಬ ಆಸ್ಕರ್ ವೈಲ್ಡ್. ಮರುವರ್ಷ ಅದೇ ಪತ್ರಿಕೆಯಲ್ಲಿ ಡಾಯ್ಲ್‌ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಎರಡನೆಯ ಕಾದಂಬರಿಯೂ ಬಂತು, ವೈಲ್ಡ್‌ನ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯೂ ಬಂತು. ಒಂದೇ ಮೇಜಿನ ಊಟದಿಂದ ಹುಟ್ಟಿದ ಎರಡು ಪುಸ್ತಕ. 1895ರ ಏಪ್ರಿಲ್‌ನಲ್ಲಿ ವೈಲ್ಡ್ ಕೋರ್ಟಿನಲ್ಲಿ ನಿಂತಿದ್ದಾಗ ಎದುರಾಳಿ ವಕೀಲ ಎಡ್ವರ್ಡ್ ಕಾರ್ಸನ್ ಡೋರಿಯನ್ ಗ್ರೇ ಪುಟಗಳನ್ನು ತೆರೆದು ಓದಿದ. ಆ ಕಾದಂಬರಿಯಲ್ಲಿ ಇಬ್ಬರು ಗಂಡಸರ ಒಂದು ಶೃಂಗಾರದ ದೃಶ್ಯವೂ ಇಲ್ಲ. ಒಬ್ಬ ಚಿತ್ರಕಾರ ಒಬ್ಬ ಯುವಕನನ್ನು ಆರಾಧಿಸುತ್ತಾನೆ, ಅಷ್ಟೆ. ಆ ಆರಾಧನೆಯ ಸಾಲುಗಳನ್ನೇ ಹಿಡಿದು ಕಾರ್ಸನ್ ಜಗ್ಗಿದ. ವೈಲ್ಡ್‌ನನ್ನು ಜೈಲಿಗೆ ತಳ್ಳಿದ್ದು ಪುಸ್ತಕವೊಂದೇ ಅಲ್ಲ, ಮನುಷ್ಯರನ್ನೂ ಕರೆತಂದು ಹೇಳಿಸಿದರು. ಆದರೆ ಸಾಲುಗಳ ನಡುವೆ ಇರೋದನ್ನು ಓದುವ ವಿದ್ಯೆ ಆ ನ್ಯಾಯಾಲಯಕ್ಕೆ ಎಷ್ಟು ಚೆನ್ನಾಗಿ ಬರುತ್ತಿತ್ತು ನೋಡಿ. ಗಂಡಸರ ಸಂಗ ಮಾಡಿದ್ದಕ್ಕೆ ಮೇ 25ರಂದು ಎರಡು ವರ್ಷ ಕಠಿಣ ಶಿಕ್ಷೆ.

ನಮ್ಮನ್ನು ಜೈಲಿಗೆ ಹಾಕಬೇಕಾದಾಗ ಇಡೀ ಸಾಮ್ರಾಜ್ಯಕ್ಕೆ ಓದು ಬರುತ್ತಿತ್ತು.

ಅದೇ ಸಾಮ್ರಾಜ್ಯ 1860ರಲ್ಲಿ ನಮ್ಮ ಪ್ರೀತಿಯನ್ನು ಅಪರಾಧ ಮಾಡಿ ನಮ್ಮ ತಲೆಗೂ 377ನೇ ಕಲಂ ಕಟ್ಟಿತು. ಅವರು ತಮ್ಮ ಕಾನೂನು ತಿದ್ದಿಕೊಂಡರು. ನಾವು ಅವರ ಎಂಜಲನ್ನು ನಮ್ಮ ಸಂಸ್ಕೃತಿ ಅಂತ ತಬ್ಬಿಕೊಂಡು ಕೂತೆವು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸುವ ತನಕ.

ಈಗ ಅದೇ ಹೋಮ್ಸ್‌ನ ಕಡೆ ಬರ್ತೀನಿ. 2010ರಲ್ಲಿ ಬಿಬಿಸಿ ‘ಷರ್ಲಾಕ್’ ಶುರು ಮಾಡಿತು. ಮಾಡಿದವರು ಸ್ಟೀವನ್ ಮೊಫಟ್ ಮತ್ತು ಮಾರ್ಕ್ ಗೇಟಿಸ್. ಮೊದಲ ಕಂತಿನಲ್ಲೇ ಮನೆ ಓನರ್ ಮಿಸೆಸ್ ಹಡ್ಸನ್, ಮೇಲೆ ಇನ್ನೊಂದು ಮಲಗುವ ಕೋಣೆ ಇದೆ, ಬೇಕಾದರೆ ಮಾತ್ರ, ಅಂತ ಷರ್ಲಾಕ್‌ಗೂ ಅವನ ಜೊತೆ ಇರಲು ಬಂದ ವಾಟ್ಸನ್‌ಗೂ ಹೇಳ್ತಾಳೆ. ಆಮೇಲೆ ಹೋಟೆಲಿನವನು ಇಬ್ಬರ ನಡುವೆ ಮೇಣದಬತ್ತಿ ತಂದಿಡುತ್ತಾನೆ, ಜೋಡಿಗೆ ಒಪ್ಪುತ್ತೆ ಅಂತ. ನಾನು ಅವನ ಜೊತೆಗಾರನಲ್ಲ ಅಂತ ವಾಟ್ಸನ್ ಸಿಡುಕ್ತಾನೆ. ಪ್ರೇಕ್ಷಕರು ನಗಬೇಕು. ಇದೊಂದು ಸಲ ಅಲ್ಲ. ಸರಣಿ ಮುಂದುವರಿದಷ್ಟೂ ಅದೇ ಬತ್ತಿ ಹಚ್ಚೋದು, ಅದೇ ಬತ್ತಿ ಊದಿ ಆರಿಸೋದು. ಹೊರಗೆ ಸಂದರ್ಶನಗಳಲ್ಲಿ ಮಾತ್ರ, ಇಲ್ಲಪ್ಪಾ, ನಾವು ಬರೀತಿರೋದು ಗೆಳೆತನ ಅಷ್ಟೆ ಅನ್ನೋ ಉತ್ತರ. ಗೇಟಿಸ್ ಸ್ವತಃ ನಮ್ಮವನು, ಅದನ್ನು ಮುಚ್ಚಿಟ್ಟವನಲ್ಲ. ಅದಕ್ಕೇ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತೆ.

2014ರ ಜನವರಿ 1ರಂದು ಬಂದ ಕಂತಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಷರ್ಲಾಕ್ ಸಾವಿನಿಂದ ಹೇಗೆ ತಪ್ಪಿಸಿಕೊಂಡ ಅಂತ ಅವನ ಅಭಿಮಾನಿಗಳು ಒಂದು ಕೋಣೆಯಲ್ಲಿ ಕೂತು ಊಹೆ ಕಟ್ಟುತ್ತಾರೆ. ಒಬ್ಬ ಹುಡುಗಿಯ ಊಹೆಯಲ್ಲಿ ಷರ್ಲಾಕ್ ಮತ್ತು ಅವನ ಕಡುವೈರಿ ಮೊರಿಯಾರ್ಟಿ ಮುತ್ತಿಡಲು ಮುಖ ಹತ್ತಿರ ತರುತ್ತಾರೆ. ನಿನಗೆ ತಲೆ ಕೆಟ್ಟಿದೆಯಾ ಅಂತ ಇನ್ನೊಬ್ಬ ಕೂಗಿ ನಿಲ್ಲಿಸುತ್ತಾನೆ. ತಮ್ಮನ್ನು ಕಣ್ಣಿಗೊತ್ತಿಕೊಂಡು ನೋಡಿದ ಹುಡುಗಿಯರ ಮುಖಕ್ಕೆ ತಮ್ಮದೇ ಕಥೆಯೊಳಗಿಂದ ಉಗಿದ ಹಾಗಾಯಿತು. ಅದೇ ವರ್ಷ ಮಾರ್ಚ್ 29ಕ್ಕೆ ಇಂಗ್ಲೆಂಡಿನಲ್ಲಿ ಗಂಡಿಗೆ ಗಂಡು ಕಾನೂನು ಪ್ರಕಾರ ಮದುವೆ ಆಗತೊಡಗಿದ. ಹೊರಗೆ ರಸ್ತೆಯಲ್ಲಿ ಉಂಗುರ ಬದಲಾಗುತ್ತಿತ್ತು, ಒಳಗೆ ತೆರೆಯ ಮೇಲೆ ನಾವಿನ್ನೂ ನಗೆಚಾಟಿಕೆ.

2017ರ ಜನವರಿ 15ಕ್ಕೆ ಸರಣಿಯ ಕೊನೆಯ ಕಂತು ಬಂತು. ಹೋಮ್ಸ್ ಮತ್ತು ವಾಟ್ಸನ್ ಒಂದಾಗೇ ಆಗುತ್ತಾರೆ, ಎಲ್ಲ ಸುಳಿವೂ ಅದಕ್ಕೇ ಅಂತ ನಂಬಿದ್ದ ಸಾವಿರಾರು ಜನ ಅದು ಕೊನೆಯಲ್ಲ ಅಂದರು. ಗುಟ್ಟಿನ ಇನ್ನೊಂದು ಕಂತಿದೆ ಅಂದರು. ಮುಂದಿನ ಭಾನುವಾರ ಬಿಬಿಸಿಯಲ್ಲಿ ಬರಲಿದ್ದ ‘ಆಪಲ್ ಟ್ರೀ ಯಾರ್ಡ್’ ಅನ್ನೋ ಬೇರೆಯದೇ ನಾಟಕದ ಹೆಸರಿನಲ್ಲಿ ಅದು ಬರುತ್ತೆ ಅಂತ ಕಾದು ಕೂತರು. ಬರಲಿಲ್ಲ. ಜಗತ್ತೆಲ್ಲ ಅವರನ್ನು ಹುಚ್ಚರು ಅಂದಿತು. ನಾನು ಅನ್ನಲಾರೆ. ವರ್ಷಾನುಗಟ್ಟಲೆ ಸುಳಿವಿನ ಮೇಲೆ ಸುಳಿವು ಎಸೆದು, ಹೆಕ್ಕಿಕೊಂಡವರ ಕೈ ಮೇಲೆ ಹೊಡೆದವರು ಯಾರು ಅಂತ ಮೊದಲು ಕೇಳಿ.

ಇನ್ನೂ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಇದು ಈಗಿನ ಹುಡುಗ ಹುಡುಗಿಯರ ಮೊಬೈಲ್ ಕಾಯಿಲೆ ಅನ್ನುವವರು ಬಹಳ ಜನ ಇದ್ದಾರೆ. ಬಾಹ್ಯಾಕಾಶದ ಹಡಗೊಂದರ ಕಥೆ ಹೇಳುವ ‘ಸ್ಟಾರ್ ಟ್ರೆಕ್’ 1966ರಿಂದ 1969ರ ತನಕ ಅಮೆರಿಕದಲ್ಲಿ ಬಂತು. ಅದರಲ್ಲಿ ಸ್ಪಾಕ್ ಅನ್ನುವವನು ನಗದವನು, ಅಳದವನು, ಭಾವನೆಯನ್ನೇ ಅದುಮಿ ಬದುಕುವ ಕುಲದವನು. 1967ರ ಒಂದು ಕಂತಿನಲ್ಲಿ ಅವನು ತನ್ನ ಕ್ಯಾಪ್ಟನ್ ಕರ್ಕ್‌ನನ್ನು ತನ್ನ ಕೈಯಾರೆ ಕೊಂದೆ ಅಂದುಕೊಂಡು ಹಡಗಿಗೆ ಮರಳುತ್ತಾನೆ. ಕರ್ಕ್ ಎದುರಿಗೆ ಜೀವಂತ ನಿಂತಿರುತ್ತಾನೆ. ಸ್ಪಾಕ್ ಅವನ ಎರಡೂ ತೋಳು ಹಿಡಿದು, ಹೆಸರು ಹಿಡಿದು ಕೂಗಿ, ಮುಖವೆಲ್ಲ ಅರಳಿಸಿ ನಗುತ್ತಾನೆ. ಒಂದು ಕ್ಷಣ. ಆಮೇಲೆ ಪಕ್ಕದಲ್ಲಿದ್ದವರ ನೆನಪಾಗಿ ಆ ನಗುವನ್ನು ನುಂಗುತ್ತಾನೆ. ಆ ನುಂಗುವಿಕೆಯನ್ನು ನಾನು ನೋಡಿದಾಗ ನನ್ನ ಗಂಟಲು ಕಟ್ಟಿತು. ಅದು ನನ್ನ ದಿನಚರಿ.

ಆ ನಗುವನ್ನು ಆಗಲೇ ಓದಿದವರಿದ್ದರು. ಬಹುಪಾಲು ಹೆಂಗಸರು. 1974ರಲ್ಲಿ ಆಸ್ಟ್ರೇಲಿಯಾದ ಒಬ್ಬಾಕೆ ಬರೆದ ಸಣ್ಣ ಕಥೆಯೊಂದು ಅಭಿಮಾನಿಗಳ ಪುಟ್ಟ ಪತ್ರಿಕೆಯಲ್ಲಿ ಅಚ್ಚಾಯಿತು. ಕರ್ಕ್ ಮತ್ತು ಸ್ಪಾಕ್ ಕೂಡುವ ಕಥೆ. ಯಾರು ಯಾರು ಅಂತ ಹೆಸರನ್ನೂ ಹೇಳದೆ ಬರೆದಿದ್ದರು, ಅಷ್ಟು ಭಯ. ಅಂಥ ಕಥೆಗಳನ್ನು ಟೈಪ್ ಮಾಡಿ, ಪ್ರತಿ ತೆಗೆದು, ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ಜೊವಾನಾ ರಸ್ ಥರದ ಲೇಖಕಿಯರು 1980ರ ದಶಕದಲ್ಲಿ ಇದನ್ನು ಗಂಭೀರವಾಗಿ ಚರ್ಚೆಗೆ ತಂದರು. ಈ ಹೆಂಗಸರ ಜೊತೆ ನನಗೂ ತಕರಾರಿದೆ. ನಮ್ಮ ಮೈಯನ್ನು ತಮ್ಮ ಆಸೆಗೆ ತಕ್ಕಂತೆ ತಿದ್ದಿಕೊಂಡವರು ಅವರಲ್ಲಿ ಇದ್ದಾರೆ. ಪಕ್ಕದ ಮನೆಯಲ್ಲಿ ಇಬ್ಬರು ಗಂಡಸರಿದ್ದರೆ ಅದೇ ಓದುಗಿಯರು ಮೂಗು ಮುರಿಯೋದನ್ನೂ ಕಂಡಿದ್ದೀನಿ. ಆದರೂ, ನಮ್ಮನ್ನು ರೋಗಿಗಳು ಅಪರಾಧಿಗಳು ಅಂತ ಬರೆಯುತ್ತಿದ್ದ ಕಾಲದಲ್ಲಿ ಪ್ರೇಮಿಗಳು ಅಂತ ಬರೆದವರು ಅವರು. ಆ ಋಣ ನಾನು ಮರೆಯಲ್ಲ.

ಅದೇ ಹಡಗಿನಲ್ಲಿ ಸುಲು ಅನ್ನೋ ಪಾತ್ರ ಇತ್ತು. ಅದನ್ನು ಮಾಡಿದ ಜಾರ್ಜ್ ಟಕೇಯಿ, ಜಪಾನಿ ಮೂಲದವನು ಅನ್ನೋ ಕಾರಣಕ್ಕೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಮುಳ್ಳುತಂತಿ ಬೇಲಿಯೊಳಗೆ ಕೂಡಿಟ್ಟ ಮಗು. ದೊಡ್ಡವನಾಗಿ ನಟನಾದ, ಗಂಡಸರನ್ನು ಪ್ರೀತಿಸುವವನಾದ, ಎರಡನೆಯದನ್ನು ಮುಚ್ಚಿಟ್ಟ. ಅವನು ಜಗತ್ತಿನ ಮುಂದೆ ಅದನ್ನು ಹೇಳಿದ್ದು 2005ರಲ್ಲಿ. ಲೆಕ್ಕ ಹಾಕಿ. ಸ್ಪಾಕ್‌ನ ನಗುವಿಗೆ ಸಾಕ್ಷಿ ಇದೆಯೋ ಇಲ್ಲವೋ ಅಂತ ಲೋಕ ಕಚ್ಚಾಡುತ್ತಿದ್ದ ಅಷ್ಟೂ ವರ್ಷ ಸಾಕ್ಷಿ ಅದೇ ಹಡಗಿನ ಚುಕ್ಕಾಣಿ ಹಿಡಿದು ಕೂತಿತ್ತು. ಬಾಯಿ ತೆರೆದಿದ್ದರೆ ಅನ್ನ ಹೋಗುತ್ತಿತ್ತು.

“ಎಲ್ಲದರಲ್ಲೂ ಅದನ್ನೇ ಹುಡುಕ್ತೀರಲ್ರೀ, ಇಬ್ಬರು ಗಂಡಸರು ಬರೀ ಗೆಳೆಯರಾಗಿ ಇರಬಾರದಾ?”

ಈ ಪ್ರಶ್ನೆ ಕೇಳಿದವರು ನನ್ನ ಜೊತೆ ಕಾಫಿ ಕುಡಿಯುವವರು, ಒಳ್ಳೆಯವರು, ಪುಸ್ತಕ ಓದುವವರು. ಗೆಳೆತನವನ್ನು ನಾವು ಮೈಲಿಗೆ ಮಾಡುತ್ತಿದ್ದೀವಿ ಅನ್ನೋದು ಅವರ ನೋವು. ವಿಷ್ಣುವರ್ಧನ್, ಅಂಬರೀಷ್ ‘ದಿಗ್ಗಜರು’ ಸಿನಿಮಾದಲ್ಲಿ ಕುಚಿಕು ಹಾಡಿಗೆ ಕುಣಿದಾಗ ಥಿಯೇಟರಿನಲ್ಲಿ ಗಂಡಸರು ಕಣ್ಣೊರೆಸಿಕೊಂಡರು. ಅದು ಗೆಳೆತನ. ಅದನ್ನು ಯಾರೂ ನಿಮ್ಮಿಂದ ಕಿತ್ತುಕೊಂಡಿಲ್ಲ. ಸಿನಿಮಾ, ಪುರಾಣ, ಗಾದೆ, ರಿಕ್ಷಾದ ಹಿಂದಿನ ಬರಹ, ಎಲ್ಲ ಕಡೆ ನಿಮ್ಮ ಗೆಳೆತನ ಇದೆ. ಗೆಳೆಯರಾಗಿ ಮಾತ್ರ ಇರಿ ಅಂತ ನಮಗೆ ಹೇಳುವ ಮೊದಲು ಒಂದು ವಿಷಯ ತಿಳ್ಕೊಳ್ಳಿ. ನಾವು ಜೀವಮಾನವೆಲ್ಲ ಇರೋದೇ ಹಾಗೆ. ನಾನು ಮತ್ತು ನನ್ನವನು ಬಾಡಿಗೆ ಮನೆಗೆ ಹೋದಾಗ ಓನರ್ ಆಂಟಿಗೆ ಹೇಳಿದ್ದು ಗೆಳೆಯರು ಅಂತ. ಅವನ ಅಕ್ಕನ ಮದುವೆಯಲ್ಲಿ ನಾನು ಗೆಳೆಯ. ಅವನಿಗೆ ರಾತ್ರೋರಾತ್ರಿ ಅಪೆಂಡಿಕ್ಸ್ ಒಡೆದು ಆಸ್ಪತ್ರೆಗೆ ಹಾಕಿದಾಗ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದೆ. ಕೌಂಟರಿನಾಕೆ ಕೇಳಿದಳು, ನೀವು ಏನಾಗಬೇಕು? ಗೆಳೆಯ ಅಂದೆ. ಕಾಗದ ಹಿಂದಕ್ಕೆ ಎಳೆದುಕೊಂಡಳು. “ಮನೆಯವರನ್ನ ಕರೆಸಿ” ಅಂದಳು. ಮನೆಯವರು ಇನ್ನೂರು ಮೈಲಿ ಆಚೆ ಇದ್ದರು, ಅವನು ಸ್ಟ್ರೆಚರಿನ ಮೇಲೆ ಮುದುಡಿ ನರಳುತ್ತಿದ್ದ.

ನಾನೇ ಕಣೇ ತಾಯಿ ಅವನ ಮನೆ.

ಇದನ್ನು ಹೇಳಲು ನನಗೆ ಈ ದೇಶದ ಕಾನೂನಿನಲ್ಲಿ ಜಾಗ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ನಮ್ಮ ಮದುವೆಗೆ ಮಾನ್ಯತೆ ಕೊಡೋದು ತಮ್ಮ ಕೆಲಸವಲ್ಲ, ಅದು ಶಾಸನಸಭೆಯ ಕೆಲಸ ಅಂದುಬಿಟ್ಟರು. ಹಾಗಾಗಿ ತೆರೆಯ ಮೇಲಿನ ಇಬ್ಬರನ್ನು ನಾನು ಬರೀ ಗೆಳೆಯರು ಅಂತ ಒಪ್ಪಿಕೊಳ್ಳಬೇಕು ಅಂತ ಇನ್ನೊಮ್ಮೆ ಯಾರೂ ನನಗೆ ಉಪದೇಶ ಮಾಡಬೇಡಿ. ಆ ಮುಖವಾಡದ ಒಳಗೆ ಉಸಿರಾಡೋದು ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ.

ಇನ್ನು ಅಮೆರಿಕದ ‘ಸೂಪರ್‌ನ್ಯಾಚುರಲ್’. 2005ರಿಂದ 2020ರ ತನಕ ಹದಿನೈದು ಸೀಸನ್ ನಡೆದ ಸರಣಿ. ಡೀನ್ ಎಂಬ ಬೇಟೆಗಾರ, ನಾಲ್ಕನೇ ಸೀಸನ್ನಿನಲ್ಲಿ ಅವನನ್ನು ನರಕದಿಂದ ಎತ್ತಿ ತಂದ ಕ್ಯಾಸ್ಟಿಯಲ್ ಎಂಬ ದೇವದೂತ. ಇವರಿಬ್ಬರ ನಡುವೆ ಏನಿದೆ ಅಂತ ಅಭಿಮಾನಿಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಡಿದಾಡಿದರು. ಕೊನೆಗೆ 2020ರ ನವೆಂಬರ್ 5ರ ಕಂತಿನಲ್ಲಿ ಕ್ಯಾಸ್ಟಿಯಲ್ ಬಾಯಿಬಿಟ್ಟ. ಹೊರಗೆ ಮೃತ್ಯು ಬಾಗಿಲು ಗುದ್ದುತ್ತಿರುತ್ತೆ. ಒಳಗೆ ಇಬ್ಬರೇ. ನಿಜವಾದ ಸುಖ ಅನುಭವಿಸಿದ ಕ್ಷಣ ತನ್ನನ್ನು ಶೂನ್ಯ ನುಂಗುತ್ತೆ ಅಂತ ಒಂದು ಕರಾರಿಗೆ ಒಪ್ಪಿದ್ದೆ ಅಂತ ಕ್ಯಾಸ್ಟಿಯಲ್ ಹೇಳ್ತಾನೆ. ಪಡೆಯೋದು ಬೇಡ, ಹೇಳಿಕೊಂಡರೆ ಸಾಕು, ಅದೇ ಸುಖ ಅಂತಾನೆ. ಕಣ್ಣೀರು ಇಳಿಯುತ್ತಿರುವಾಗ, ನಿನ್ನನ್ನು ಪ್ರೀತಿಸ್ತೀನಿ ಅಂತಾನೆ. ಗೋಡೆಯಿಂದ ಕರಿ ಕೆಸರು ಒಸರಿ ಬಂದು ಅವನನ್ನು ಎಳೆದುಕೊಂಡು ಹೋಗುತ್ತೆ. ಡೀನ್‌ನ ಭುಜದ ಮೇಲೆ ರಕ್ತದ ಕೈಗುರುತು ಉಳಿಯುತ್ತೆ. ಅವನು ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡು ಅಳ್ತಾನೆ.

ಬರೆದವರ ಕೈಗೆ ಮುತ್ತು ಕೊಡಬೇಕು ಅನ್ನಿಸುವಂಥ ದೃಶ್ಯ. ಆಮೇಲೆ ಇನ್ನೆರಡು ಕಂತು ಉಳಿದಿತ್ತು. ಆ ಎರಡರಲ್ಲಿ ಈ ಮಾತಿಗೆ ಉತ್ತರ ಬರಲಿಲ್ಲ. ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ಕೊನೆಯ ಕಂತಿನಲ್ಲಿ ಕ್ಯಾಸ್ಟಿಯಲ್ ಮುಖವನ್ನೇ ತೋರಿಸಲಿಲ್ಲ, ಯಾರದೋ ಬಾಯಲ್ಲಿ ಅವನ ಹೆಸರು ಬಂದು ಹೋಯಿತು. ಕೊಟ್ಟೆವಲ್ಲ, ನೀವು ಕೇಳಿದ ಸಾಕ್ಷಿ, ಇನ್ನೇನು ಬೇಕು ಅಂದವರಿದ್ದಾರೆ. ನನಗೆ ಬೇಕಾಗಿದ್ದನ್ನು ಹೇಳ್ತೀನಿ. ಹೇಳಿದ ಮೇಲೂ ಅವನು ಬದುಕಿರಬೇಕಿತ್ತು. ಮಾರನೇ ಬೆಳಗ್ಗೆ ಅಡುಗೆಮನೆಯಲ್ಲಿ ಇಬ್ಬರೂ ಎದುರಾಗಿ ಏನು ಮಾತಾಡಬೇಕು ಅಂತ ತೋಚದೆ ನಿಲ್ಲಬೇಕಿತ್ತು. ಬೇಡ ಅಂತಲಾದರೂ ಡೀನ್ ಹೇಳಬೇಕಿತ್ತು. ನಿರಾಕರಣೆಯೂ ಒಂದು ಮರ್ಯಾದೆ. ಅದನ್ನೂ ಕೊಡಲಿಲ್ಲ. ಬಾಯಿ ತೆರೆದ ತಕ್ಷಣ ಸಾವು. ಈ ಪಾಠವನ್ನು ನಮಗೆ ಟೀವಿಯವರು ಹೇಳಿಕೊಡಬೇಕಾಗಿಲ್ಲ, ಊರಲ್ಲಿ ಬಾವಿ, ಹಗ್ಗ, ರೈಲುಹಳಿ ಹೇಳಿಕೊಟ್ಟಿವೆ.

ಎಲ್ಲ ಸುಳಿವೂ ಮೋಸ ಅಂತ ನಾನು ಹೇಳ್ತಿಲ್ಲ. ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಚೀನಾಕ್ಕೆ ಬನ್ನಿ. ಅಲ್ಲಿ 2016ರಲ್ಲಿ ‘ಅಡಿಕ್ಟೆಡ್’ ಎಂಬ ಸರಣಿ ಇಬ್ಬರು ಹುಡುಗರ ಪ್ರೀತಿಯನ್ನು ನೇರವಾಗಿ ತೋರಿಸಿತು. ಕೊನೆಯ ಕಂತುಗಳು ಬರುವ ಮೊದಲೇ ಅದನ್ನು ತೆಗೆಸಿದರು. 2019ರಲ್ಲಿ ಟೆನ್ಸೆಂಟ್ 50 ಕಂತುಗಳ ‘ದಿ ಅನ್‌ಟೇಮ್ಡ್’ ಮಾಡಿತು. ಅದರ ಮೂಲ ಕಾದಂಬರಿಯಲ್ಲಿ ವೇ ವೂಶಿಯನ್ ಮತ್ತು ಲಾನ್ ವಾಂಗ್‌ಜಿ ಪ್ರೇಮಿಗಳು, ಅದರಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ತೆರೆಯ ಮೇಲೆ ಅದನ್ನು ಹೇಳುವ ಹಾಗಿಲ್ಲ. ಆಗ ಆ ತಂಡದವರು ಏನು ಮಾಡಿದರು ಗೊತ್ತಾ? ಮುತ್ತು ತೆಗೆದರು, ಉಳಿದದ್ದನ್ನೆಲ್ಲ ಇಟ್ಟರು. ಸತ್ತವನಿಗಾಗಿ ವರ್ಷಗಟ್ಟಲೆ ಕಾಯೋದನ್ನು ಇಟ್ಟರು. ಅವನಿಗೆಂದೇ ಕಟ್ಟಿದ ಒಂದು ರಾಗ, ಆ ರಾಗವನ್ನು ಕೇಳಿಯೇ ಮುಸುಕಿನೊಳಗಿನವನು ಯಾರು ಅಂತ ಗುರುತು ಹಿಡಿಯೋದನ್ನು ಇಟ್ಟರು. 2021ರ ‘ವರ್ಡ್ ಆಫ್ ಆನರ್’ನಲ್ಲಿ ನಟರ ತುಟಿ ಒಂದು ಮಾತಾಡುತ್ತೆ, ಆಮೇಲೆ ಕೂಡಿಸಿದ ಧ್ವನಿ ಇನ್ನೊಂದು ಹೇಳುತ್ತೆ. ಪ್ರೇಕ್ಷಕರು ಸದ್ದು ತೆಗೆದು ತುಟಿ ಓದಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೆಣ್ಣಿಗರಂತೆ ಕಾಣುವ ಗಂಡಸರೇ ಟೀವಿಯಲ್ಲಿ ಇರಬಾರದು ಅಂತ ಸರ್ಕಾರದ ಪ್ರಸಾರ ಇಲಾಖೆ ಅಪ್ಪಣೆ ಹೊರಡಿಸಿತು.

ಕತ್ತಿನ ಮೇಲೆ ಕತ್ತಿ ಇದ್ದಾಗ ಕೊಟ್ಟ ಸುಳಿವು ಧೈರ್ಯ. ಆ ತುಟಿಗಳ ಮುಂದೆ ನಾನು ಕೈಮುಗೀತೀನಿ. ಲಂಡನ್ನಿನಲ್ಲಿ, ಲಾಸ್ ಏಂಜಲೀಸಿನಲ್ಲಿ ಯಾರ ಕತ್ತಿನ ಮೇಲೆ ಏನಿತ್ತು? ಕಾನೂನು ಇರಲಿಲ್ಲ, ಜೈಲಿರಲಿಲ್ಲ. ಇದ್ದದ್ದು ಗಲ್ಲಾಪೆಟ್ಟಿಗೆ. ನಮ್ಮ ಕಣ್ಣೂ ಬೇಕು, ನಮ್ಮನ್ನು ಕಂಡರೆ ಆಗದವರ ಕಣ್ಣೂ ಬೇಕು. ನಮಗೆ ಸುಳಿವು ಮಾರಿ, ಅವರಿಗೆ ನಿರಾಕರಣೆ ಮಾರಿದರು. ಕ್ವಿಯರ್‌ಬೇಟಿಂಗ್ ಅಂತ ಜನ ಬೈಯೋದು ಈ ವ್ಯಾಪಾರವನ್ನು.

ಆದರೆ ಆ ಬೈಗುಳವನ್ನು ನಮ್ಮವರೇ ಎಲ್ಲಿಗೆ ಒಯ್ದರು ಅಂತಲೂ ಹೇಳಬೇಕು. ‘ಹಾರ್ಟ್‌ಸ್ಟಾಪರ್’ 2022ರ ಏಪ್ರಿಲ್‌ನಲ್ಲಿ ಬಂತು. ಶಾಲೆಯ ಇಬ್ಬರು ಹುಡುಗರು ಪ್ರೀತಿಸುವ ಕಥೆ. ಯಾವ ಸುಳಿವಿನ ಆಟವೂ ಇಲ್ಲ. ಅದರಲ್ಲಿ ನಿಕ್ ಪಾತ್ರ ಮಾಡಿದ ಕಿಟ್ ಕಾನರ್ ಒಬ್ಬ ಹುಡುಗಿಯ ಕೈ ಹಿಡಿದುಕೊಂಡದ್ದು ಯಾರದೋ ಕಣ್ಣಿಗೆ ಬಿತ್ತು. ಇವನು ನಮ್ಮವನಲ್ಲ, ನಮ್ಮ ಹೆಸರಲ್ಲಿ ದುಡೀತಿದ್ದಾನೆ, ಸಾಕ್ಷಿ ಕೊಡಲಿ ಅಂತ ಮುಗಿಬಿದ್ದರು. ಅಕ್ಟೋಬರ್ ಕೊನೆಗೆ ಆ ಹುಡುಗ ತಾನು ದ್ವಿಲಿಂಗಾಸಕ್ತ ಅಂತ ಬರೆದ. ಹದಿನೆಂಟು ವರ್ಷದವನನ್ನು ಬಲವಂತವಾಗಿ ಬಯಲಿಗೆಳೆದಿರಿ, ಈ ಸರಣಿ ಹೇಳಿದ್ದು ನಿಮಗೆ ಅರ್ಥವೇ ಆಗಲಿಲ್ಲ ಅಂತಲೂ ಬರೆದ. ಥೂ. ನನಗೆ ಆವತ್ತು ನಾಚಿಕೆಯಲ್ಲ, ಹೇಸಿಗೆ ಆಯಿತು. ಬರೆದ ಪಾತ್ರ ಬೇರೆ, ಉಸಿರಾಡುವ ಮನುಷ್ಯ ಬೇರೆ. ಪಾತ್ರದ ಮೇಲೆ ನನಗೆ ಹಕ್ಕಿದೆ, ಅದನ್ನು ನನ್ನ ಮನೆಗೆ ಕಳಿಸಿದವರು ನೀವು. ನಟನ ಟ್ರಂಕು ಸುರಿಯುವ ಹಕ್ಕು ಯಾರಿಗೂ ಇಲ್ಲ. ವಾರ್ಡನ್ನಿನ ಮೇಜಿನ ಆಚೆ ನಾವು ಹೋಗಿ ಕೂರೋದಕ್ಕೆ ಇಷ್ಟು ಏಟು ತಿಂದದ್ದಾ?

ನೇರ ಹೇಳಿದರೆ ಕಥೆ ಸಪ್ಪೆ ಆಗುತ್ತೆ, ಗುಟ್ಟಿನಲ್ಲೇ ರುಚಿ ಅನ್ನುವ ರಸಿಕರೂ ಇದ್ದಾರೆ. ಅವರಿಗೆ ‘ಅವರ್ ಫ್ಲ್ಯಾಗ್ ಮೀನ್ಸ್ ಡೆತ್’ ತೋರಿಸಿ. 2022ರಲ್ಲೇ ಬಂದದ್ದು. ಇಬ್ಬರು ನಡುವಯಸ್ಸಿನ ಕಡಲ್ಗಳ್ಳರು, ಸ್ಟೀಡ್ ಬಾನೆಟ್ ಮತ್ತು ಬ್ಲ್ಯಾಕ್‌ಬಿಯರ್ಡ್, ದಂಡೆಯ ಮೇಲೆ ಕೂತು ಮುತ್ತಿಡುತ್ತಾರೆ. ಅಷ್ಟು ಕಂತು ನೋಡಿದ ಮೇಲೂ ಇದು ಆಗಲ್ಲ, ಮತ್ತೆ ಕೈ ಕೊಡ್ತಾರೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದವರು ಎಷ್ಟೋ ಜನ. ನಾನೂ ಅವರಲ್ಲೊಬ್ಬ. ಆ ಮುತ್ತಿನಿಂದ ಕಥೆ ಸಪ್ಪೆ ಆಗಲಿಲ್ಲ. ಪ್ರೀತಿ ಹೇಳಿದ ಮೇಲೆ ಹುಟ್ಟುವ ಭಯ, ಬಿಟ್ಟುಹೋಗೋದು, ಮತ್ತೆ ಬರೋದು, ಎಲ್ಲವೂ ಅಲ್ಲಿಂದ ಶುರುವಾಯಿತು. ಎರಡು ಸೀಸನ್ನಿಗೆ ನಿಲ್ಲಿಸಿದರು, ಅದು ಬೇರೆ ಸಂಕಟ.

ಈಗ ನನ್ನ ಅಂಗಡಿಯ ಮಾತು. ಈಚೆಗೆ ಒಂದು ಕನ್ನಡ ಧಾರಾವಾಹಿಗೆ ಬರೀತಿದ್ದೆ. ನಾಯಕಿಯ ಮೈದುನ ಮತ್ತು ಅವನ ಗೆಳೆಯ, ಬೈಕ್ ಗ್ಯಾರೇಜ್ ಇಟ್ಟುಕೊಂಡವನು. ಇಬ್ಬರಿಗೂ ಸಣ್ಣ ಪಾತ್ರ. ನಾನು ಬರೆದದ್ದು ಜನಕ್ಕೆ ಹಿಡಿಸಿತು. ಇವರಿಬ್ಬರ ಸೀನು ಇನ್ನೂ ಬೇಕು ಅಂತ ಮೇಲಿಂದ ಮಾತು ಬಂತು. ಬರೆದೆ. ಮನೆಯಲ್ಲಿ ಹೆಣ್ಣು ನೋಡುವ ಟ್ರ್ಯಾಕ್ ಶುರುವಾದಾಗ ಆ ಹುಡುಗ ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕೂತು ಅವರೆಕಾಳು ಬಿಡಿಸುತ್ತ ಎರಡು ಮಾತು ಹೇಳ್ತಾನೆ. “ಅಮ್ಮ, ನಂಗೆ ಹುಡುಗಿ ನೋಡಬೇಡ. ನಾನು ಅವನ ಜೊತೆನೇ ಇರ್ತೀನಿ.” ಅಷ್ಟೇ. ತಾಯಿಯ ಕೈ ನಿಲ್ಲುತ್ತೆ, ಮತ್ತೆ ಕಾಳು ಬಿಡಿಸ್ತಾಳೆ.

ಮೀಟಿಂಗಿಗೆ ಕರೆದರು. ಎಸಿ ರೂಮು, ಕಾಫಿ, ನಾಲ್ಕು ಜನ. “ಸರ್, ನೀವು ಅವರಿಬ್ಬರ ಮಧ್ಯೆ ಆ ಫೀಲ್ ಇಡಿ. ಸ್ಲೋ ಮೋಷನ್ನಲ್ಲಿ ಒಂದು ಹಗ್ ಇರ್ಲಿ, ಪ್ರೊಮೋಗೆ ಸೂಪರ್ ಆಗುತ್ತೆ, ಹುಡುಗ್ರು ರೀಲ್ಸ್ ಮಾಡ್ತಾರೆ. ಆದ್ರೆ ಎಲ್ಲೂ ಹೇಳಿಸ್ಬೇಡಿ. ಫ್ಯಾಮಿಲಿ ಆಡಿಯನ್ಸು ಸರ್.” ಅಂದರು. ನನಗೂ ಒಂದು ಫ್ಯಾಮಿಲಿ ಇದೆ ಅಂದೆ. ಯಾರೂ ತಲೆ ಎತ್ತಲಿಲ್ಲ, ಒಬ್ಬ ಮೊಬೈಲ್ ನೋಡಿದ. ಸರ್ಕಾರ ತಡೆದಿರಲಿಲ್ಲ, ಸೆನ್ಸಾರ್ ತಡೆದಿರಲಿಲ್ಲ, ಯಾವ ಮಠವೂ ಧರಣಿ ಕೂತಿರಲಿಲ್ಲ. ಆ ಎರಡು ಮಾತು ಹೋಯಿತು. ತಬ್ಬಿಕೊಳ್ಳೋದು ಉಳಿಯಿತು, ಪ್ರೊಮೋದಲ್ಲಿ ಬಂತು. ತಿಂಗಳು ತಿರುಗುವಷ್ಟರಲ್ಲಿ ಮೈದುನನಿಗೆ ಸೋದರಮಾವನ ಮಗಳ ಜೊತೆ ನಿಶ್ಚಿತಾರ್ಥ. ಅದನ್ನು ನಾನು ಬರೆಯಲಿಲ್ಲ, ಬಿಟ್ಟು ಬಂದೆ. ಬರೆಯಲು ಇನ್ನೊಬ್ಬ ಸಿಕ್ಕ. ಆ ತಬ್ಬುಗೆ ನೋಡಿ ಇವರಿಬ್ಬರ ಮಧ್ಯೆ ಏನೋ ಇದೆ ಅಂತ ಯಾವುದೋ ಊರಿನ ಯಾವುದೋ ಹುಡುಗ ರಾತ್ರಿ ನಿದ್ದೆಗೆಟ್ಟು ಯೋಚಿಸಿರ್ತಾನೆ, ಅವನಿಗೆ ಯಾರೋ ಸಾಕ್ಷಿ ಕೇಳಿರ್ತಾರೆ. ಕೇಳು ಹುಡುಗಾ, ಇತ್ತು. ಬರೆದವನು ನಾನೇ ಹೇಳ್ತಿದ್ದೀನಿ, ಇತ್ತು.

ಆ ಸೀನಿನ ಹಾಳೆ ನನ್ನ ಹತ್ತಿರ ಇದೆ. ಮುಂದಿನ ತಿಂಗಳು ಬೇರೆ ಕಡೆ ಒಂದು ಹೊಸ ಕಥೆ ಹೇಳೋದಿದೆ. ಈ ಸಲ ಆ ಮಾತನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟಿಲ್ಲ. ಮೊದಲ ಕಂತಿನ ಮೊದಲ ಸೀನಿನಲ್ಲೇ, ಊಟಕ್ಕೆ ಕೂತ ಮನೆಮಂದಿಯ ಮುಂದೆ, ಮಗ ಅದನ್ನು ಹೇಳ್ತಾನೆ. ಮುಂದಿನ ಜಗಳ, ಪಾಲು, ಕೋರ್ಟು, ರಾಜಿ ಎಲ್ಲ ಆ ಒಂದು ಮಾತಿನಿಂದ ಹುಟ್ಟುತ್ತೆ. ಅದನ್ನು ತೆಗೀರಿ ಅಂದರೆ ಕಥೆಯೇ ಬೀಳುತ್ತೆ. ಹಾಗೇ ಕಟ್ಟಿದ್ದೀನಿ.